ಸ್ಪರ್ಸ್ ಬದಲಾಗಲಿಲ್ಲವೇ?

2013ರ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಫೈನಲ್ಸ್‌ನಲ್ಲಿ ಸೋತ ಸ್ಯಾನ್ ಆಂಟೋನಿಯೊ ಸ್ಪರ್ಸ್, ಮರುವರ್ಷ ಅದೇ ಮಯಾಮಿ ಹೀಟ್ ತಂಡವನ್ನು 4–1ರಿಂದ ಮಣಿಸಿತು. ಇದನ್ನು ತಾಳ್ಮೆಯ ಗೆಲುವು ಎಂದೇ ಎಲ್ಲರೂ ಹೊಗಳುತ್ತ ಬಂದಿದ್ದಾರೆ. 2013ರ ಆರನೇ ಪಂದ್ಯದ ಕೊನೆಯಲ್ಲಿ ಹೀಟ್‌ನ ರೇ ಅಲೆನ್ ಹಾಕಿದ ಮೂರು ಪಾಯಿಂಟ್ ಎಸೆತದಿಂದ ಕೈಗೆ ಬಂದ ಕಪ್ ಜಾರಿದರೂ ಕೋಚ್ ಗ್ರೆಗ್ ಪಾಪೊವಿಚ್ ಹಳಬರನ್ನೇ ನೆಚ್ಚಿದರು, ಗೆದ್ದರು ಎಂಬುದು ಕಥೆ. ಆ ತಂಡ ನನಗೂ ಅಚ್ಚುಮೆಚ್ಚು. ಆದರೆ ಈ ಹೊಗಳಿಕೆ ಅವರು ಮಾಡಿದ ಕೆಲಸವನ್ನೇ ಮರೆಮಾಡುತ್ತದೆ ಎಂಬುದು ನನ್ನ ತಕರಾರು.

ಆಟಗಾರರ ಪಟ್ಟಿಯಲ್ಲಿ ಗ್ಯಾರಿ ನೀಲ್ ಹೋಗಿ ಮಾರ್ಕೊ ಬೆಲಿನೆಲ್ಲಿ ಬಂದದ್ದು ಬಿಟ್ಟರೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ, ನಿಜ. ಪಟ್ಟಿ ಬದಿಗಿಟ್ಟು ನಿಮಿಷಗಳ ಲೆಕ್ಕ ನೋಡಿ. 2013–14ರ ಲೀಗ್ ಹಂತದಲ್ಲಿ ಸ್ಪರ್ಸ್‌ನ ಒಬ್ಬರೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ. ಟಿಮ್ ಡಂಕನ್ ಕೂಡ. ಆದರೂ 62 ಪಂದ್ಯ ಗೆದ್ದರು. ಫೈನಲ್ಸ್‌ನ ಮೂರನೇ ಪಂದ್ಯಕ್ಕೆ ಟಿಯಾಗೊ ಸ್ಪ್ಲಿಟರ್ ಬದಲು ಬೋರಿಸ್ ಡಿಯಾವ್ ಮೊದಲ ಐವರಲ್ಲಿ ಇಳಿದರು. ಟೋನಿ ಪಾರ್ಕರ್ ಮೇಲೆ ಹೀಟ್‌ನ ಇಬ್ಬರು ಮುಗಿಬಿದ್ದರೆ ಚೆಂಡು ಡಿಯಾವ್ ಕೈಗೆ, ಅಲ್ಲಿಂದ ಮೂಲೆಯಲ್ಲಿ ಒಂಟಿಯಾಗಿ ನಿಂತವರಿಗೆ. ಮೊದಲಾರ್ಧದಲ್ಲೇ 71 ಪಾಯಿಂಟ್! ಹಿಂದಿನ ವರ್ಷ ಆರನೇ ಪಂದ್ಯದ ಕೊನೆಯಲ್ಲಿ ಫ್ರೀ ಥ್ರೋ ತಪ್ಪಿಸಿದ್ದ ಕವಾಯ್ ಲೆನಾರ್ಡ್, 22ರ ವಯಸ್ಸಿಗೇ ಫೈನಲ್ಸ್‌ನ ಶ್ರೇಷ್ಠ ಆಟಗಾರರಾದರು. ಇದನ್ನು ಮರುಕಟ್ಟುವಿಕೆ ಎನ್ನದೆ ಇನ್ನೇನೆನ್ನಬೇಕು?

ಮೊದಲ ಪಂದ್ಯದಲ್ಲಿ ಎಸಿ ಕೆಟ್ಟು ಲೆಬ್ರಾನ್ ಜೇಮ್ಸ್ ಸ್ನಾಯುಸೆಳೆತದಿಂದ ಕೂತದ್ದನ್ನು ಹೀಟ್ ಪರ ವಾದಿಸುವವರು ನೆನಪಿಸುತ್ತಾರೆ. ಎರಡನೆಯದನ್ನು ಹೀಟ್ ಗೆದ್ದಿತಲ್ಲ? ಆಮೇಲೆ ಮಯಾಮಿಯಲ್ಲೇ 19 ಮತ್ತು 21 ಪಾಯಿಂಟ್‌ಗಳಿಂದ ಸೋತದ್ದಕ್ಕೆ ಆ ಸೆಕೆ ಉತ್ತರವಾಗದು. ಸತತ ನಾಲ್ಕನೇ ಫೈನಲ್ಸ್‌ನ ದಣಿವು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಆ ದಣಿವನ್ನು ಹಂಚಿಕೊಳ್ಳುವ ಬೆಂಚು ಎಲ್ಲಿತ್ತು? ಡ್ವೇನ್ ವೇಡ್ ಮಂಡಿನೋವಿನಿಂದ ಲೀಗ್ ಹಂತದ 54 ಪಂದ್ಯಗಳಿಗೇ ನಿಂತರು. ಲೆಬ್ರಾನ್ ಸರಾಸರಿ 38 ನಿಮಿಷದಷ್ಟು ದುಡಿದರು.

2013ರಲ್ಲಿ ಹೀಟ್ ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ಕೂಡ ಪಾಪೊವಿಚ್ ಅವರಂತೆ ಮೊದಲ ಐವರನ್ನು ಬದಲಿಸುವ ಎದೆಗಾರಿಕೆ ತೋರಿದ್ದರು. ನಾಲ್ಕನೇ ಪಂದ್ಯದಿಂದ ಮೈಕ್ ಮಿಲ್ಲರ್ ಅವರನ್ನು ಮೊದಲ ಐವರಲ್ಲಿ ಇಳಿಸಿದರು. ಆರನೇ ಪಂದ್ಯದಲ್ಲಿ ಒಂದು ಶೂ ಕಳಚಿಹೋದರೂ ಬರಿ ಕಾಲುಚೀಲದಲ್ಲೇ ಮೂರು ಪಾಯಿಂಟ್ ಎಸೆದವರು ಅವರು. ಕಪ್ ಗೆದ್ದ ಮರುತಿಂಗಳೇ, ಸಂಬಳದ ಮಿತಿ ಮೀರಿದ್ದಕ್ಕೆ ಲೀಗ್ ವಿಧಿಸುವ ತೆರಿಗೆ ಉಳಿಸಲೆಂದು ಕ್ಲಬ್ ಅವರನ್ನು ಕೈಬಿಟ್ಟಿತು. 2014ರಲ್ಲಿ ಲೆಬ್ರಾನ್ ಕ್ಲೀವ್‌ಲ್ಯಾಂಡಿಗೆ ಮರಳಿದಾಗ ಹೀಟ್ ಒಡೆಯಿತು ಎಂದು ಹಲವರು ಬರೆದರು. ನಾನಾದರೆ ಆ ಒಡಕಿಗೆ ಮಿಲ್ಲರ್ ಹೋದ ತಾರೀಕನ್ನೇ ಹಾಕುತ್ತೇನೆ.