ಇ-ಟೈಪ್‌ನ ಪುಟ್ಟ ಬಾಯಿ

ಜಾಗ್ವಾರ್ ಇ-ಟೈಪ್ ಎಂದರೆ ಹೀಟ್ ಆಗುವ ಕಾರು ಎಂಬ ಮಾತು ಹಳೆಯ ಕಾರುಗಳ ಗೀಳಿರುವವರ ನಡುವೆ ದಶಕಗಳಿಂದ ಓಡಾಡುತ್ತಿದೆ. ನಾನು ಆ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಓಡುತ್ತಿರುವ ಇ-ಟೈಪ್ ತಣ್ಣಗೇ ಇರುತ್ತದೆ. ಕಾಯುವುದು ನಿಂತ ಇ-ಟೈಪ್. ಈ ವ್ಯತ್ಯಾಸ ಗಮನಿಸದೆ ಲಕ್ಷಗಟ್ಟಲೆ ಸುರಿದು ವಿದೇಶದಿಂದ ದಪ್ಪ ಅಲ್ಯೂಮಿನಿಯಂ ರೇಡಿಯೇಟರ್ ತರಿಸಿ ಕೂರಿಸಿದವರನ್ನು ಬಲ್ಲೆ. ಮೊದಲ ಉದ್ದನೆಯ ಸಿಗ್ನಲ್‌ನಲ್ಲೇ ಮೀಟರಿನ ಮುಳ್ಳು ಮತ್ತೆ ಹಳೆಯ ಜಾಗಕ್ಕೇ ಏರಿ ನಿಂತಾಗ ಅವರ ಮುಖ ನೋಡಲು ಬೇಸರವಾಗುತ್ತದೆ.

ಈ ಕಾರು ಹುಟ್ಟಿದ ಬಗೆಯನ್ನು ನೆನೆದರೆ ಕಾರಣ ತಾನಾಗಿ ತಿಳಿಯುತ್ತದೆ. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಇ-ಟೈಪ್ ಮೊದಲ ಬಾರಿಗೆ ಜಗತ್ತಿನ ಕಣ್ಣಿಗೆ ಬಿತ್ತು. ನೋಡಲು ಮುಗಿಬಿದ್ದ ಜನರಿಗೆ ಒಂದೇ ಕಾರು ಸಾಲದೆ, ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡೀವಿಸ್ ಇಂಗ್ಲೆಂಡಿನ ಕವೆಂಟ್ರಿಯಿಂದ ಇನ್ನೊಂದನ್ನು ರಾತ್ರೋರಾತ್ರಿ ಓಡಿಸಿಕೊಂಡು ಹೋದ ಕಥೆ ಪ್ರಸಿದ್ಧ. ಅದೇ ಕಾಲದಲ್ಲಿ ‘ಆಟೋಕಾರ್’ ಪತ್ರಿಕೆಯ ಪರೀಕ್ಷೆಯಲ್ಲಿ ಕೂಪೆ ಮಾದರಿ ಗಂಟೆಗೆ 150.4 ಮೈಲಿ, ಅಂದರೆ ಸುಮಾರು 242 ಕಿಲೋಮೀಟರ್ ಮುಟ್ಟಿತು. ರೂಪ ಕೊಟ್ಟವರು ಮಾಲ್ಕಂ ಸೇಯರ್. ಯುದ್ಧಕಾಲದಲ್ಲಿ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ದುಡಿದಿದ್ದ ಅವರು ಕಾರಿನ ಮೈಯನ್ನು ಗಣಿತದಿಂದ ಎಳೆದವರು. ಇ-ಟೈಪ್‌ಗೂ ಮೊದಲು ಅವರು ರೂಪಿಸಿದ ಡಿ-ಟೈಪ್ ರೇಸ್ ಕಾರು 1955, 56, 57ರಲ್ಲಿ ಸತತ ಮೂರು ವರ್ಷ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದಿತು. ಇ-ಟೈಪ್‌ನ ಮೂತಿ, ಅದರ ತುದಿಯ ಆ ಪುಟ್ಟ ಅಂಡಾಕಾರದ ಬಾಯಿ, ಅದೇ ವಂಶದ್ದು. ಲ ಮಾನ್‌ನ ನೇರ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಆಗುವುದಿಲ್ಲ.

ವೇಗ ಇಮ್ಮಡಿಯಾದರೆ ಮೂತಿಯ ಮೇಲೆ ಬೀಳುವ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಸಣ್ಣ ಕಿಂಡಿಯೂ ಸಾಕು. ಒಳಗೆ ನುಗ್ಗಿದ ಗಾಳಿ ಅಗಲವಾದ ಜಾಗಕ್ಕೆ ಬಂದು ನಿಧಾನವಾಗಿ, ಒತ್ತಡ ಹೆಚ್ಚಿಸಿಕೊಂಡು, ರೇಡಿಯೇಟರ್ ಹಾದು, ಬಾನೆಟ್ ಮೇಲಿನ ಸೀಳುಗಳಿಂದಲೂ ಕೆಳಗಿನಿಂದಲೂ ಹೊರಬೀಳುತ್ತದೆ. ಇದು ವಿಮಾನ ಬಲ್ಲವರ ಲೆಕ್ಕಾಚಾರ, ಸೊಗಸಾದ ಲೆಕ್ಕಾಚಾರ. ಆದರೆ ಒಳಗೆ ಬಂದ ಗಾಳಿಗೆ ರೇಡಿಯೇಟರ್ ಬಿಟ್ಟು ಬೇರೆ ದಾರಿ ಇರಬಾರದು ಎಂಬುದು ಅದರ ಕರಾರು. ರೇಡಿಯೇಟರಿನ ಸುತ್ತ ಬಾನೆಟ್‌ಗೆ ತಾಗುವಂತೆ ರಬ್ಬರ್ ಸೀಲ್‌ಗಳಿರುತ್ತವೆ. ಅರವತ್ತು ವರ್ಷದಲ್ಲಿ ಅವು ಗಟ್ಟಿಯಾಗಿ, ಪುಡಿಯಾಗಿ, ಯಾವುದೋ ಪೇಂಟ್ ಕೆಲಸದ ಹೊತ್ತಿಗೆ ಕಿತ್ತು ಎಸೆಯಲ್ಪಟ್ಟಿರುತ್ತವೆ. ನೀರು ತಗ್ಗು ಹುಡುಕುವ ಹಾಗೆ ಗಾಳಿ ಸುಲಭದ ಸಂದು ಹುಡುಕುತ್ತದೆ. ಕೆಲವು ನೂರು ರೂಪಾಯಿಯ ಸ್ಪಂಜ್ ರಬ್ಬರ್ ಪಟ್ಟಿ ಮಾಡುವ ಉಪಕಾರವನ್ನು ಎಷ್ಟೋ ಬಾರಿ ಹೊಸ ರೇಡಿಯೇಟರ್ ಮಾಡಲಾರದು. ಇ-ಟೈಪ್ ನೋಡಲು ಕರೆದವರ ಮನೆಯಲ್ಲಿ ನಾನು ಮೊದಲು ಬಾನೆಟ್ ಎತ್ತಿ ನೋಡುವುದು ಈ ಸೀಲ್‌ಗಳನ್ನೇ.

ಕಾರು ನಿಂತಾಗ ಮೂತಿಯ ಗಣಿತವೆಲ್ಲ ಸುಮ್ಮನಾಗಿ ಭಾರ ಪೂರ್ತಿ ಫ್ಯಾನ್ ಮೇಲೆ ಬೀಳುತ್ತದೆ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಫ್ಯಾನನ್ನು ಬೆಲ್ಟ್ ತಿರುಗಿಸುತ್ತಿತ್ತು. ಇ-ಟೈಪ್‌ನದು ವಿದ್ಯುತ್ ಫ್ಯಾನ್, 1961ಕ್ಕೆ ಮುಂದುವರಿದ ಯೋಚನೆ. ಮೇಲಿನ ಹೆಡರ್ ಟ್ಯಾಂಕಿನಲ್ಲಿ ಕೂತ ‘ಆಟರ್’ ಸ್ವಿಚ್ ನೀರು 80 ಡಿಗ್ರಿಯ ಆಸುಪಾಸಿಗೆ ಬಂದಾಗ ಫ್ಯಾನ್ ಹಚ್ಚುತ್ತದೆ, ಎಪ್ಪತ್ತರ ಮೊದಲ ಅಂಕಿಗಳಿಗೆ ಇಳಿದಾಗ ಆರಿಸುತ್ತದೆ. ಆದರೆ 1964ರವರೆಗಿನ 3.8 ಲೀಟರ್ ಕಾರುಗಳಲ್ಲಿ ಕರೆಂಟ್ ಕೊಡುವುದು ಡೈನಮೋ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಡೈನಮೋದಿಂದ ಹೆಚ್ಚುಕಡಿಮೆ ಏನೂ ಹುಟ್ಟುವುದಿಲ್ಲ. ಫ್ಯಾನ್ ಅತ್ಯಂತ ಬೇಕಾದ ಗಳಿಗೆಯಲ್ಲೇ ಅದು ಬರೀ ಬ್ಯಾಟರಿಯನ್ನು ನೆಚ್ಚಿರುತ್ತದೆ. ಅದರ ಮೇಲೆ ಹಳೆಯ ತೆಳು ವೈರು, ತುಕ್ಕು ಹಿಡಿದ ಅರ್ಥಿಂಗ್, ಸುಟ್ಟ ಸ್ವಿಚ್ ಪಾಯಿಂಟುಗಳು ಸೇರಿದರೆ ಫ್ಯಾನ್ ಮೋಟಾರಿಗೆ ತಲುಪುವುದು ಹತ್ತೋ ಹನ್ನೊಂದೋ ವೋಲ್ಟ್. ತಿರುಗುವುದು ಕಾಣಿಸುತ್ತದೆ, ಗಾಳಿ ಎಳೆಯುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಹೆಡ್‌ಲೈಟ್ ಹಚ್ಚಿ, ಮಲ್ಟಿಮೀಟರಿನ ಕಡ್ಡಿಗಳನ್ನು ಫ್ಯಾನ್ ಮೋಟಾರಿನ ಟರ್ಮಿನಲ್‌ಗೇ ಹಿಡಿದು ನೋಡಿ. ಬ್ಯಾಟರಿಯಲ್ಲಿರುವುದಕ್ಕೂ ಅಲ್ಲಿರುವುದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದಪ್ಪ ವೈರು, ಒಂದು ರಿಲೇ, ಸ್ವಚ್ಛ ಅರ್ಥಿಂಗ್ ಹಾಕಿಸಿ. ಹೊರಗಿನಿಂದ ಡೈನಮೋದಂತೆಯೇ ಕಾಣುವ, ಒಳಗೆ ಆಲ್ಟರ್ನೇಟರ್ ಇರುವ ಘಟಕಗಳು ಈಗ ಸಿಗುತ್ತವೆ. ಹಳೆಯದನ್ನು ಹಾಗೇ ಉಳಿಸಬೇಕು ಎನ್ನುವವರಲ್ಲಿ ನಾನೂ ಒಬ್ಬ, ಆದರೂ ಇದನ್ನು ಮನಸಾರೆ ಒಪ್ಪುತ್ತೇನೆ. 4.2 ಲೀಟರ್ ಕಾರಿಗೆ ಜಾಗ್ವಾರ್ ತಾನೇ ಆಲ್ಟರ್ನೇಟರ್ ಕೊಟ್ಟಿತಲ್ಲ. ಇನ್ನೊಂದು ಸೂಕ್ಷ್ಮ: 3.8 ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿರುತ್ತದೆ. ಅದು ತಿಳಿಯದೆ ಇಂದಿನ ಆಯಸ್ಕಾಂತದ ಮೋಟಾರಿನ ಫ್ಯಾನನ್ನು ಮಾಮೂಲಿನಂತೆ ಜೋಡಿಸಿದರೆ ಅದು ಹಿಮ್ಮುಖವಾಗಿ ತಿರುಗಿ ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಬಾಯಿಯ ಮುಂದೆ ಒಂದು ಕಾಗದದ ಚೂರು ಹಿಡಿಯಿರಿ. ಒಳಕ್ಕೆ ಸೆಳೆದರೆ ಸರಿ.

ಗಾಳಿಯ ಕಥೆ ಇದು. ನೀರಿನ ಕಥೆ ಇದಕ್ಕಿಂತ ಗಂಭೀರ, ನಮ್ಮ ಊರಿನ ಗ್ಯಾರೇಜುಗಳಿಗೆ ಹೆಚ್ಚು ಹತ್ತಿರದ್ದು ಕೂಡ. ಅಂಬಾಸಿಡರ್, ಫಿಯಟ್ ಕಾಲದ ಮೆಕ್ಯಾನಿಕ್‌ಗಳಲ್ಲಿ ಒಂದು ರೂಢಿ ಬೇರೂರಿತ್ತು. ಗಾಡಿ ಹೀಟ್ ಆಗುತ್ತಿದೆ ಎಂದರೆ ಮೊದಲ ಮದ್ದು ‘ಥರ್ಮೋಸ್ಟಾಟ್ ತೆಗೆದುಬಿಡಿ ಸಾರ್, ನಮ್ಮ ಹವಾಕ್ಕೆ ಅದು ಬೇಡ’. ಆ ಗಾಡಿಗಳು ಹೇಗೋ ಸಹಿಸಿಕೊಂಡವು. ಜಾಗ್ವಾರಿನ ಎಕ್ಸ್‌ಕೆ ಎಂಜಿನ್ ಸಹಿಸುವುದಿಲ್ಲ. 1948ರಲ್ಲಿ ಬಂದ ಈ ಆರು ಸಿಲಿಂಡರ್ ಎಂಜಿನ್‌ನಲ್ಲಿ, ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ನೇರ ಪಂಪಿಗೆ ಮರಳಲು ಒಂದು ಅಡ್ಡದಾರಿಯಿದೆ, ಬೈಪಾಸ್. ಮೂಲ ಥರ್ಮೋಸ್ಟಾಟಿಗೆ ಒಂದು ತೋಳಿನಂಥ ಲೋಹದ ಸುತ್ತು ಇರುತ್ತಿತ್ತು. ಬಿಸಿಯಾಗಿ ತೆರೆದುಕೊಂಡಾಗ ಆ ಸುತ್ತು ಮೇಲೆದ್ದು ಬೈಪಾಸಿನ ಬಾಯಿ ಮುಚ್ಚುತ್ತಿತ್ತು. ಎರಡೂ ಕೆಲಸ ಒಂದೇ ಚಲನೆಯಲ್ಲಿ. ಥರ್ಮೋಸ್ಟಾಟ್ ಕಿತ್ತರೆ, ಅಥವಾ ಸುತ್ತಿಲ್ಲದ ಮಾಮೂಲಿ ಥರ್ಮೋಸ್ಟಾಟ್ ಹಾಕಿದರೆ, ಬೈಪಾಸ್ ಸದಾ ತೆರೆದೇ ಇರುತ್ತದೆ. ಕುದಿಯಲು ಹೊರಟ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ಕಾಣದೆ ಮತ್ತೆ ಎಂಜಿನ್ ಸೇರುತ್ತದೆ. ಎಷ್ಟೇ ದೊಡ್ಡ ರೇಡಿಯೇಟರ್ ಕೂರಿಸಿದರೂ ಅದರತ್ತ ಸುಳಿಯದ ನೀರನ್ನು ಅದು ತಣಿಸುವುದು ಹೇಗೆ?

ಪ್ಯಾಕೆಟ್ ಮೇಲೆ ಕಾರಿನ ಹೆಸರು ಸರಿಯಿದೆ, ಡಿಗ್ರಿ ಸರಿಯಿದೆ ಎಂದು ನಂಬಿ ಥರ್ಮೋಸ್ಟಾಟ್ ಕೊಳ್ಳಬೇಡಿ. ಕೈಯಲ್ಲಿ ಹಿಡಿದು ಸುತ್ತು ಇದೆಯೇ ನೋಡಿ, ಪಾತ್ರೆಯ ನೀರಿನಲ್ಲಿ ಕುದಿಸಿ ಅದು ಎಷ್ಟು ಏಳುತ್ತದೆ ಅಳೆದು, ಹೌಸಿಂಗ್‌ನೊಳಗಿನ ಬೈಪಾಸ್ ಕಿಂಡಿಯವರೆಗೆ ತಲುಪುತ್ತದೆಯೇ ಹೊಂದಿಸಿ ನೋಡಿ. ಸುತ್ತಿನ ಥರ್ಮೋಸ್ಟಾಟ್ ಸಿಗದಿದ್ದರೆ ಬೈಪಾಸ್ ಕಿಂಡಿಯನ್ನು ಕಿರಿದು ಮಾಡುವವರಿದ್ದಾರೆ. ಪೂರ್ತಿ ಮುಚ್ಚಿದರೆ ಬೆಳಗಿನ ಸ್ಟಾರ್ಟ್‌ನಲ್ಲಿ ಹೆಡ್‌ನೊಳಗೆ ನೀರು ಚಲಿಸದೆ ಒಂದೆಡೆ ಕಾದು ಒಂದೆಡೆ ತಣ್ಣಗಿರುತ್ತದೆ; ಅಲ್ಯೂಮಿನಿಯಂ ಹೆಡ್‌ಗೆ ಅದು ಒಳ್ಳೆಯದಲ್ಲ.

ಇನ್ನು ಬ್ಲಾಕ್. ಎಕ್ಸ್‌ಕೆಯ ಬ್ಲಾಕ್ ಎರಕದ ಕಬ್ಬಿಣ. ಒಳಗೆ ತುಕ್ಕು ಏಳುತ್ತದೆ, ಫೌಂಡ್ರಿಯ ಕಾಲದ ಮರಳೂ ಅಷ್ಟಿಷ್ಟು ಉಳಿದಿರಬಹುದು. ಇದೆಲ್ಲ ಪಂಪಿನಿಂದ ಅತಿ ದೂರದ ಹಿಂಭಾಗದ ತಳಕ್ಕೆ ಹೋಗಿ ಕೂರುತ್ತದೆ. ಜಾಗ್ವಾರ್ ಈ ಎಂಜಿನ್ನಿನ ಸಿಲಿಂಡರುಗಳನ್ನು ಹಿಂದಿನಿಂದ ಎಣಿಸುತ್ತದೆ, ಆದ್ದರಿಂದ ಕೆಸರಿನಲ್ಲಿ ಹೂತು ಬೇಯುವುದು ಒಂದನೆಯ ಮತ್ತು ಎರಡನೆಯ ಸಿಲಿಂಡರ್. ಮೀಟರಿನ ಸೆನ್ಸರ್ ಇರುವುದು ಮುಂದೆ, ಆ ಬೇಯುವಿಕೆ ಅದಕ್ಕೆ ಪೂರ್ತಿ ಕಾಣುವುದಿಲ್ಲ. ನಮ್ಮ ಕಡೆ ಇದಕ್ಕೆ ಬೋರ್‌ವೆಲ್ ನೀರು ಬೇರೆ ಸೇರುತ್ತದೆ. ಗೀಸರ್ ಕಾಯಿಲ್ ಮೇಲೆ ವರ್ಷದೊಳಗೆ ಬಿಳಿ ಪದರ ಕಟ್ಟುವ ನೀರನ್ನು ಎಂಜಿನ್ನಿಗೆ ಸುರಿದರೆ ಕಬ್ಬಿಣದ ಗೋಡೆಯ ಮೇಲೂ ಅದೇ ಸುಣ್ಣ ಕಟ್ಟುತ್ತದೆ, ಶಾಖ ಲೋಹದಿಂದ ನೀರಿಗೆ ದಾಟದಂತೆ ತಡೆಯುತ್ತದೆ. ಬ್ಲಾಕಿನ ಡ್ರೇನ್ ಟ್ಯಾಪ್ ತೆರೆದಾಗ ನೀರು ಬರದಿದ್ದರೆ ಅದು ಸಾಕಷ್ಟು ಹೇಳಿತು. ಟ್ಯಾಪ್ ಬಿಚ್ಚಿ ತಂತಿಯಿಂದ ಕೆದಕಿ, ಬದಿಯ ಕೋರ್ ಪ್ಲಗ್‌ಗಳನ್ನು ತೆಗೆಸಿ, ಒಳಗಿನದನ್ನು ಕೆರೆದು, ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಸಬೇಕು. ಕೊಳಕು ಕೆಲಸ, ಎರಡು ದಿನದ ಕೆಲಸ. ಇಡೀ ಕೂಲಿಂಗ್ ರಿಪೇರಿಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಡುವುದೂ ಇದೇ. ಮೊದಲು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಹರಿಯುವ ನೀರು ನಿಧಾನಕ್ಕೆ ತಿಳಿಯಾಗುವುದನ್ನು ನೋಡುತ್ತ ನಿಂತರೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಆಮೇಲೆ ತುಂಬಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್. ಹಿಮ ಬೀಳದ ನಾಡಿನಲ್ಲಿ ಅರ್ಧಕ್ಕರ್ಧ ಕೂಲೆಂಟ್ ಅಗತ್ಯವಿಲ್ಲ. ಗ್ಲೈಕಾಲ್ ಹೆಚ್ಚಾದಷ್ಟೂ ದ್ರವ ಶಾಖ ಹೊರುವ ಶಕ್ತಿ ಕುಗ್ಗುತ್ತದೆ. ನೂರಕ್ಕೆ ಮೂವತ್ತರಷ್ಟಿದ್ದರೆ ತುಕ್ಕು ತಡೆಯುವ ರಸಾಯನವೂ ಸಾಕಷ್ಟಿರುತ್ತದೆ, ನೀರಿನ ಗುಣವೂ ಉಳಿಯುತ್ತದೆ.

ರೇಡಿಯೇಟರ್ ಕ್ಯಾಪ್ ಬಗ್ಗೆ ಬೆಂಗಳೂರಿನವರಿಗೆ ಒಂದು ಮಾತು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ನಮ್ಮ ಊರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಊಟಿಗೆ ಹೊರಟರೆ ಅಲ್ಲಿ ಇನ್ನೂ ನಾಲ್ಕು ಡಿಗ್ರಿ ಕಡಿಮೆ. ಕ್ಯಾಪಿನ ಸ್ಪ್ರಿಂಗ್ ತಡೆಹಿಡಿಯುವ ಒಂದೊಂದು ಪೌಂಡ್ ಒತ್ತಡವೂ ಕುದಿಯುವ ಬಿಂದುವನ್ನು ಒಂದೂವರೆ ಡಿಗ್ರಿಗೂ ತುಸು ಮೇಲೆತ್ತುತ್ತದೆ. ಏಳು ಪೌಂಡ್ ಕ್ಯಾಪ್ ಸರಿಯಾಗಿದ್ದರೆ ಇಲ್ಲಿ 108 ಡಿಗ್ರಿಯ ತನಕ ನೀರು ನೀರಾಗಿಯೇ ಇರುತ್ತದೆ, ಸ್ಪ್ರಿಂಗ್ ಸತ್ತಿದ್ದರೆ 97ಕ್ಕೇ ಉಕ್ಕುತ್ತದೆ. ಹಾಗೆಂದು ಇಂದಿನ ಕಾರಿನ ಹದಿನೈದು ಪೌಂಡ್ ಕ್ಯಾಪ್ ಹಾಕಬಾರದು. ಹಳೆಯ ರೇಡಿಯೇಟರಿನ ಬೆಸುಗೆಗಳು ಅದಕ್ಕೆ ಮಾಡಿದವಲ್ಲ.

ಇಷ್ಟಾದರೂ ಮುಳ್ಳು ಏರಿದರೆ ಮುಳ್ಳನ್ನೇ ಅನುಮಾನಿಸಿ. ವೋಲ್ಟೇಜ್ ಸ್ಟೆಬಿಲೈಸರ್ ಕೆಟ್ಟ ಕಾರಿನಲ್ಲಿ ಮೀಟರ್ ಸುಳ್ಳು ಹೇಳುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಅಗ್ಗ. ಥರ್ಮೋಸ್ಟಾಟ್ ಹೌಸಿಂಗ್, ರೇಡಿಯೇಟರಿನ ಮೇಲಿನ ಹೋಸ್, ಕೆಳಗಿನ ಹೋಸ್ ಮೂರಕ್ಕೂ ಹಿಡಿದು ಬರೆದಿಟ್ಟುಕೊಳ್ಳಿ. ಮೇಲಿನದೂ ಕೆಳಗಿನದೂ ಹೆಚ್ಚುಕಡಿಮೆ ಒಂದೇ ಬಿಸಿಯಿದ್ದರೆ ನೀರು ಹರಿಯುತ್ತಿದೆ, ಗಾಳಿ ಸಾಲುತ್ತಿಲ್ಲ. ಮೇಲೆ ಸುಡುತ್ತಿದ್ದು ಕೆಳಗೆ ಉಗುರುಬೆಚ್ಚಗಿದ್ದರೆ ಗಾಳಿ ಸರಿಯಿದೆ, ಎಲ್ಲೋ ನೀರು ಕಟ್ಟಿಕೊಂಡಿದೆ. ಇಗ್ನಿಷನ್ ಟೈಮಿಂಗ್ ಹಿಂದುಳಿದಿದ್ದರೂ ಎಂಜಿನ್ ಕಾಯುತ್ತದೆ, ಉರಿಯುವುದು ತಡವಾಗಿ ಶಾಖವೆಲ್ಲ ಎಕ್ಸಾಸ್ಟ್ ವಾಲ್ವ್‌ಗಳ ಸುತ್ತ ಹೆಡ್‌ಗೆ ಇಳಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಶೇ 20ರ ಎಥನಾಲ್ ಪೆಟ್ರೋಲ್ ಕೂಡ ಲೆಕ್ಕಕ್ಕೆ ಬರಬೇಕು. ಎಥನಾಲಿಗೆ ಗಾಳಿ ಕಡಿಮೆ ಸಾಕು, ಇಂಧನ ಹೆಚ್ಚು ಬೇಕು. ಎಸ್‌ಯು ಕಾರ್ಬ್ಯುರೇಟರಿನ ಸೂಜಿಗೆ ಇದು ತಿಳಿಯದು. ಮಿಶ್ರಣ ತೆಳುವಾಗುತ್ತದೆ, ಪ್ಲಗ್ ಬಿಚ್ಚಿದರೆ ಬೆಳ್ಳಗಿರುತ್ತದೆ. ಟ್ಯೂನಿಂಗ್ ಬಲ್ಲವರ ಕೈಯಲ್ಲಿ ತುಸು ದಟ್ಟ ಮಾಡಿಸಿಕೊಳ್ಳಬೇಕು.

1968ರ ಎರಡನೆಯ ಸರಣಿಯಲ್ಲಿ ಜಾಗ್ವಾರ್ ಸ್ವತಃ ಬಾಯಿ ದೊಡ್ಡದು ಮಾಡಿ ಜೋಡಿ ಫ್ಯಾನ್ ಇಟ್ಟಿತು. ಅಮೆರಿಕದ ಗಿರಾಕಿಗಳಿಗೆ ಏರ್ ಕಂಡೀಷನರ್ ಬೇಕಿತ್ತು, ಅವರ ನಗರಗಳ ಟ್ರಾಫಿಕ್ಕೂ ಇತ್ತು. ಕೂಲಿಂಗ್ ಸುಧಾರಿಸಿತು, ಮುಖ ಕೆಟ್ಟಿತು. ಸೇಯರ್ ಎಳೆದ ಗೆರೆ ಅಲ್ಲಿ ಮೊದಲ ಬಾರಿಗೆ ಮುರಿದದ್ದು ಎಂದು ನಾನು ನಂಬುತ್ತೇನೆ. ಮೊದಲ ಸರಣಿಯ ಕಾರಿಗೂ ರೇಡಿಯೇಟರಿನ ಹಿಂದೆ, ಹೊರಗೆ ಕಾಣದಂತೆ, ಗಾಳಿ ಸೋರದ ಚೌಕಟ್ಟಿನೊಳಗೆ ಜೋಡಿ ಫ್ಯಾನ್ ಕೂರಿಸಬಹುದು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ ಇಟ್ಟುಕೊಂಡರೆ, ಮುಂದೆ ಜಾಮ್ ಕಾಣುತ್ತಿದ್ದಂತೆ, ನೀರು 80 ಮುಟ್ಟುವ ಮೊದಲೇ ಹಚ್ಚಬಹುದು. ಕಾದ ನೀರನ್ನು ಇಳಿಸುವುದಕ್ಕಿಂತ ಕಾಯದಂತೆ ತಡೆಯುವುದು ಆ ಫ್ಯಾನಿಗೆ ಸುಲಭ. ತೆಗೆದ ಮೂಲ ಫ್ಯಾನು, ಮೋಟಾರು, ಬ್ರಾಕೆಟ್ಟುಗಳಿಗೆ ಎಣ್ಣೆ ಸವರಿ ಹೆಸರು ಬರೆದು ಪೆಟ್ಟಿಗೆಯಲ್ಲಿಡಿ, ಕಾರು ಕೈ ಬದಲಾಗುವಾಗ ಅದರೊಂದಿಗೇ ಹೋಗಬೇಕು. ದಪ್ಪ ಅಲ್ಯೂಮಿನಿಯಂ ರೇಡಿಯೇಟರ್ ಬೇಕೇ ಬೇಕು ಎನಿಸಿದರೆ, ಇವೆಲ್ಲ ಮುಗಿಸಿ ಮೇ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನೋಡಿದ ಮೇಲೆ ಆರ್ಡರ್ ಮಾಡಿ.