ಬಿಲ್ಹಣನ ಶಿವನೂ ಕಲ್ಯಾಣದ ಸಿಂಹಾಸನವೂ

ಕರ್ಣಾಟಕದ ಅರಸರಲ್ಲಿ ಆರನೆಯ ವಿಕ್ರಮಾದಿತ್ಯನಷ್ಟು ಕವಿಭಾಗ್ಯವುಳ್ಳವರು ವಿರಳ. ಕಾಶ್ಮೀರದಿಂದ ಬಂದ ಬಿಲ್ಹಣನು ಹದಿನೆಂಟು ಸರ್ಗಗಳ ‘ವಿಕ್ರಮಾಂಕದೇವಚರಿತ’ವನ್ನು ಅವನಿಗಾಗಿ ರಚಿಸಿದನು. 1874ರಲ್ಲಿ ಜೈಸಲ್ಮೇರದ ಜೈನ ಭಂಡಾರದಲ್ಲಿ ಬ್ಯೂಲರ್ ಪಂಡಿತನಿಗೆ ಈ ಕಾವ್ಯದ ಪ್ರತಿ ದೊರೆತು, ಮರುವರ್ಷ ಮುಂಬಯಿಯಲ್ಲಿ ಅದು ಅಚ್ಚಾಯಿತು. ಅಂದಿನಿಂದ ವಿದ್ವಾಂಸರು ಅದನ್ನು ಎರಡು ಬಗೆಯಾಗಿ ಓದುತ್ತ ಬಂದಿದ್ದಾರೆ. ಕೆಲವರಿಗೆ ಅದು ಚರಿತ್ರೆಯ ಆಕರ. ಕೆಲವರಿಗೆ ಆಸ್ಥಾನಕವಿಯ ಬರಿಯ ಸ್ತುತಿ. ಮೊದಲನೆಯವರು ಕವಿಯ ಮಾತನ್ನು ಇದ್ದಂತೆಯೇ ನಂಬಿದರು. ಎರಡನೆಯವರು ಅದನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಕವಿಯು ಎಲ್ಲಿ ಸುಮ್ಮನೆ ಹೊಗಳುತ್ತಾನೆ, ಎಲ್ಲಿ ಅವನಿಗೆ ಸಮರ್ಥನೆ ಬೇಕಾಗುತ್ತದೆ ಎಂಬ ಭೇದವನ್ನು ಇಬ್ಬರೂ ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ.

ನಡೆದ ಸಂಗತಿ ಇಷ್ಟು. ಆಹವಮಲ್ಲ ಸೋಮೇಶ್ವರನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿ ಹೊಂದಿದನು. ಹಿರಿಯ ಮಗ ಭುವನೈಕಮಲ್ಲ ಸೋಮೇಶ್ವರನು ಪಟ್ಟವೇರಿದನು. ಎಂಟು ವರ್ಷಗಳಲ್ಲಿ ಎರಡನೆಯ ಮಗ ವಿಕ್ರಮಾದಿತ್ಯನು ಅಣ್ಣನನ್ನು ಯುದ್ಧದಲ್ಲಿ ಸೆರೆಹಿಡಿದು 1076ರಲ್ಲಿ ತಾನೇ ಅರಸನಾದನು. ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ಚಾಲುಕ್ಯ ವಿಕ್ರಮವರ್ಷವನ್ನು ಆರಂಭಿಸಿ, 1126ರ ವರೆಗೆ ಆಳಿದನು. ಅಣ್ಣನ ಪತನದ ವರ್ಷವೇ ಕಾಲಗಣನೆಯ ಮೊದಲ ವರ್ಷವಾಯಿತು. ನಾಡಿನ ಹಳ್ಳಿಹಳ್ಳಿಯ ದಾನಶಾಸನಗಳು ಆ ಎಣಿಕೆಯನ್ನು ಹೊತ್ತಿವೆ.

ಈ ವೃತ್ತಾಂತದಲ್ಲಿ ಬಿಲ್ಹಣನು ಶಿವನನ್ನು ಮೂರು ಸಲ ಮಾತನಾಡಿಸುತ್ತಾನೆ. ಆಹವಮಲ್ಲನು ಸಂತಾನಾರ್ಥಿಯಾಗಿ ತಪಸ್ಸು ಮಾಡಿದಾಗ, ಮೊದಲನೆಯ ಮತ್ತು ಮೂರನೆಯ ಮಕ್ಕಳು ಕರ್ಮಫಲದಿಂದಲೂ ನಡುವಿನವನು ತನ್ನ ಪ್ರಸಾದದಿಂದಲೂ ಹುಟ್ಟುವರೆಂಬುದು ಮೊದಲನೆಯ ಮಾತು. ಅಣ್ಣನೊಡನೆ ಹೋರಲು ವಿಕ್ರಮನು ಹಿಂಜರಿದಾಗ ಕನಸಿನಲ್ಲಿ ಬಂದ ಅಪ್ಪಣೆ ಎರಡನೆಯದು. ಸೆರೆಸಿಕ್ಕ ಅಣ್ಣನನ್ನು ಬಿಟ್ಟು ರಾಜ್ಯವನ್ನು ಮರಳಿ ಕೊಡಲು ಮನಸ್ಸು ಮಾಡಿದಾಗ ಬಂದ ಗದರಿಕೆ ಮೂರನೆಯದು. ದೈವವು ಬಾಯಿ ತೆರೆಯುವ ಈ ಎಡೆಗಳು ಕುತೂಹಲಕರವಾಗಿವೆ. ನಡುವಿನವನು ಹಿರಿಯನನ್ನು ಮೀರಬೇಕಾದಲ್ಲಿ, ತಮ್ಮನು ಅಣ್ಣನ ಮೇಲೆ ಕತ್ತಿಯೆತ್ತಬೇಕಾದಲ್ಲಿ, ಗೆದ್ದವನು ಸೋತವನಿಗೆ ನ್ಯಾಯ ಮಾಡಬೇಕಾದಲ್ಲಿ, ಅಂದರೆ ಧರ್ಮಶಾಸ್ತ್ರವು ವಿಕ್ರಮನ ಪರವಾಗಿ ಮಾತನಾಡದ ಕಡೆಗಳಲ್ಲಿಯೇ ಅದು ಮಾತನಾಡುತ್ತದೆ. ಕಲ್ಯಾಣದ ಜನರು ಈ ಪಟ್ಟವನ್ನು ನಿಸ್ಸಂಶಯವಾಗಿ ಒಪ್ಪಿದ್ದರೆ ಕವಿಗೆ ಇಷ್ಟು ದೈವಸಾಕ್ಷ್ಯ ಬೇಕಾಗುತ್ತಿತ್ತೆ?

ಇನ್ನೊಂದು ಪ್ರಸಂಗವೂ ವಿಚಾರಣೀಯ. ಆಹವಮಲ್ಲನು ವಿಕ್ರಮನಿಗೇ ಯುವರಾಜಪಟ್ಟವನ್ನು ನೀಡಬಯಸಿದನಂತೆ; ಅಣ್ಣನಿರುವಾಗ ತನಗದು ಸಲ್ಲದೆಂದು ಅವನು ನಿರಾಕರಿಸಿದನಂತೆ. ನಾಯಕನ ಔದಾರ್ಯವನ್ನು ತೋರಿಸಲು ಹೊರಟ ಕವಿಯು ಇಲ್ಲಿ ಅಣ್ಣನ ಹಕ್ಕನ್ನು ನಾಯಕನ ಬಾಯಿಂದಲೇ ಸಾರಿಸಿಬಿಟ್ಟಿದ್ದಾನೆ. ಭರತನ ಮಾತನ್ನಾಡಿದವನು ಭರತನಂತೆ ನಡೆಯಲಿಲ್ಲ.

ಕವಿ ಮರೆಮಾಡಿದ್ದು ಚೋಳರ ಶಾಸನಗಳಿಂದ ತಿಳಿಯುತ್ತದೆ. ಕಾವ್ಯದಲ್ಲಿ ಚೋಳರಾಜನು ವಿಕ್ರಮನ ಪರಾಕ್ರಮಕ್ಕೆ ಮಣಿದು ಮಗಳನ್ನು ಕೊಡುತ್ತಾನೆ. ವೀರರಾಜೇಂದ್ರನ ತಮಿಳು ಪ್ರಶಸ್ತಿ ಹೇಳುವುದು ಬೇರೆ: ಸೋಮೇಶ್ವರನನ್ನು ಓಡಿಸಿ, ಕಂಪಿಲಿಯನ್ನು ಸುಟ್ಟು, ಶರಣು ಬಂದ ಸಳುಕ್ಕಿ ವಿಕ್ರಮಾದಿತ್ಯನಿಗೆ ತಾನು ಕಂಠಿಕೆಯನ್ನು ಕಟ್ಟಿ, ರಟ್ಟಪಾಡಿ ಏಳೂವರೆ ಲಕ್ಷವನ್ನು ದಯಪಾಲಿಸಿದೆನೆಂದು. ಚೋಳನ ಮಾತಿನಲ್ಲಿಯೂ ಉತ್ಪ್ರೇಕ್ಷೆಯಿದೆ. ಗುತ್ತಿಯ ಮುತ್ತಿಗೆಯಲ್ಲಿ ಚೋಳನೇ ಬೆನ್ನು ತಿರುಗಿಸಿದನೆಂದು ಭುವನೈಕಮಲ್ಲನ ಪಕ್ಷದ ಶಾಸನವು ಸಾರುತ್ತದೆ. ಆದರೂ ತಲೆತಲಾಂತರದ ವೈರಿಯ ಆಸರೆಯಿಂದ ತಮ್ಮನು ಬಲಗೊಂಡನೆಂಬುದನ್ನು ಅಲ್ಲಗಳೆಯುವುದು ಕಷ್ಟ. ಕವಿಯು ಈ ಶರಣಾಗತಿಯನ್ನು ಮದುವೆಯ ಚಪ್ಪರದ ಕೆಳಗೆ ಮುಚ್ಚಿದನು. ಚಪ್ಪರವು ಸೊಗಸಾಗಿದೆ ಎಂಬುದನ್ನು ಒಪ್ಪಬೇಕು.

ಬಿಲ್ಹಣನೊಬ್ಬನೇ ಹೀಗೆ ಮಾಡಿದನೆನ್ನಲಾಗದು. ದೆಹಲಿಯ ಕನ್ನಡಿಗರು ಹುಮಾಯೂನನ ಗೋರಿಯನ್ನು ಕಂಡಿರುತ್ತಾರೆ. 1659ರಲ್ಲಿ ಕೊಲೆಗೀಡಾದ ದಾರಾ ಶುಕೋಹನನ್ನು ಹೂತದ್ದು ಅಲ್ಲಿಯೇ. ತಮ್ಮ ಔರಂಗಜೇಬನ ಆಸ್ಥಾನದ ‘ಆಲಂಗೀರ್‌ನಾಮಾ’ ಆ ಕೊಲೆಗೆ ದಾರಾನ ಧರ್ಮಭ್ರಷ್ಟತೆಯನ್ನು ಕಾರಣವಾಗಿ ಮುಂದೊಡ್ಡುತ್ತದೆ. ಇಂಗ್ಲೆಂಡಿನಲ್ಲಿ 1399ರಲ್ಲಿ ಹೆನ್ರಿಯು ದಾಯಾದಿ ಎರಡನೆಯ ರಿಚರ್ಡನನ್ನು ಪದಚ್ಯುತಗೊಳಿಸಿದಾಗ, ರಿಚರ್ಡನು ಹರ್ಷಚಿತ್ತನಾಗಿಯೇ ಕಿರೀಟವನ್ನು ತ್ಯಜಿಸಿದನೆಂದು ಪಾರ್ಲಿಮೆಂಟಿನ ದಾಖಲೆಯಲ್ಲಿ ಬರೆಸಲಾಯಿತು. ಸೆರೆಯಲ್ಲಿದ್ದವನ ಹರ್ಷ! ಆದರೆ ಅಲ್ಲಿ ಸುಮಾರು ಇನ್ನೂರು ವರ್ಷಗಳ ತರುವಾಯ ಷೇಕ್ಸ್‌ಪಿಯರನು ಅದೇ ಕಿರೀಟತ್ಯಾಗವನ್ನು ಸೋತವನ ಕಣ್ಣಿನಿಂದ ರಂಗಕ್ಕೆ ತಂದನು. ಭುವನೈಕಮಲ್ಲನಿಗೆ ಹಳೆಯ ಕಾವ್ಯಪರಂಪರೆಯಲ್ಲಿ ಅಂತಹ ಕವಿ ದೊರೆಯಲಿಲ್ಲ. ಬಿಲ್ಹಣನಲ್ಲಿ ಅವನು ಐಶ್ವರ್ಯಮದದಿಂದ ಕೆಟ್ಟವನು, ಅಷ್ಟೆ. 1068ರಿಂದ 1076ರ ವರೆಗಿನ ಅವನ ಶಾಸನಗಳನ್ನು ನೋಡಿದರೆ ದಾನಧರ್ಮಗಳು ಎಂದಿನಂತೆ ನಡೆದಿವೆ. ಮೊದಲ ವರ್ಷಗಳಲ್ಲಿ ವಿಕ್ರಮಾದಿತ್ಯನೇ ಅವನ ಅಧೀನದಲ್ಲಿ ನಾಡನ್ನಾಳುವವನಾಗಿ ಕಾಣಿಸಿಕೊಳ್ಳುತ್ತಾನೆ.

ಕಾವ್ಯದ ಉತ್ತರಭಾಗದಲ್ಲಿ ಅದೇ ಕಥೆ ತಿರುಗಿ ಬರುತ್ತದೆ. ಬನವಾಸಿಯನ್ನಾಳುತ್ತಿದ್ದ ಕಿರಿಯ ತಮ್ಮ ಜಯಸಿಂಹನು ವಿಕ್ರಮನ ಮೇಲೆ ದಂಡೆತ್ತಿ ಕೃಷ್ಣಾತೀರಕ್ಕೆ ಬಂದು, ಸೋತು ಸೆರೆಯಾಗುತ್ತಾನೆ. ತಮ್ಮನು ಅಣ್ಣನ ಮೇಲೆ ಎದ್ದ ಅದೇ ಕೃತ್ಯ. ಆದರೆ ಈ ಸಲ ಅದು ದ್ರೋಹ. ಶಿವನ ಅಪ್ಪಣೆಯ ಅಗತ್ಯ ಕವಿಗೆ ಕಾಣುವುದಿಲ್ಲ. ಹಿರಿಯನ ಹಕ್ಕೆಂಬುದು ಇಲ್ಲಿ ತಾನಾಗಿಯೇ ಸಿದ್ಧವಾಗಿದೆ. ಬಿಲ್ಹಣನ ನಿಜವಾದ ನ್ಯಾಯಬುದ್ಧಿಯನ್ನು ಅರಿಯಬೇಕಾದವರು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು.

ಇದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ರಚಿಸಿ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸ್ಥಾಪಿಸಿದನು. ದೆಹಲಿಯ ಸಂಸತ್ತು 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು ಮಾಡಿದಾಗಲೂ, 2005ರಲ್ಲಿ ಹೆಣ್ಣುಮಕ್ಕಳಿಗೆ ಆ ಜನ್ಮಸಿದ್ಧ ಹಕ್ಕನ್ನು ವಿಸ್ತರಿಸಿದಾಗಲೂ ಅದರ ಹೆಸರನ್ನು ಬಿಡಲಾಗಲಿಲ್ಲ. ಹೊಲ ಮನೆಗಳನ್ನು ಅಣ್ಣತಮ್ಮಂದಿರಲ್ಲಿ ಸಮನಾಗಿ ಹಂಚಬಹುದು, ಸಿಂಹಾಸನವನ್ನು ಹಂಚಲಾಗದು. ಆ ಅರಮನೆಯಲ್ಲಿ ಶಾಸ್ತ್ರಕಾರನು ಕೈಹಾಕದೆ ಬಿಟ್ಟ ಎಡೆಯನ್ನು ಕವಿಯು ತುಂಬಬೇಕಾಯಿತು.

ಆ ಕವಿಯಾದರೋ ಪರದೇಶಿ. ಕಲ್ಯಾಣದಲ್ಲಿ ಅವನಿಗೆ ಬಂಧುಗಳಿಲ್ಲ, ಹಳೆಯ ಪಕ್ಷಗಳಿಲ್ಲ. ವಿದ್ಯಾಪತಿ ಪದವಿಯೂ ಕೊಡೆಯೂ ಆನೆಯೂ ಅರಸನಿಂದ ಬಂದವು. ಕಡೆಯ ಸರ್ಗದಲ್ಲಿ ಅವನು ತನ್ನ ಹುಟ್ಟೂರು ಖೋನಮುಖವನ್ನೂ ಅಲ್ಲಿಯ ಕುಂಕುಮಕೇಸರಿ ದ್ರಾಕ್ಷಿಗಳನ್ನೂ ನೆನೆಯುತ್ತಾನೆ. ಅಲ್ಲಿ ಯಾರನ್ನೂ ಸಮರ್ಥಿಸಬೇಕಾಗಿಲ್ಲವಾದ್ದರಿಂದಲೋ ಏನೋ, ಇಡೀ ಕಾವ್ಯದಲ್ಲಿ ಅತ್ಯಂತ ಸಹಜವಾದ ಭಾಗ ಅದೇ ಆಗಿದೆ. ಕಾಶ್ಮೀರದಲ್ಲಿ ಹರ್ಷನು ಕವಿಗಳಿಗೆ ಉದಾರಿಯೆಂಬ ಸುದ್ದಿ ಕಿವಿಗೆ ಬಿದ್ದಾಗ, ಕರ್ಣಾಟದ ಅಷ್ಟು ವೈಭವವೂ ಬಿಲ್ಹಣನಿಗೆ ವಂಚನೆಯಾಗಿ ತೋರಿತೆಂದು ‘ರಾಜತರಂಗಿಣಿ’ಯಲ್ಲಿ ಕಲ್ಹಣನು ಬರೆದಿದ್ದಾನೆ. ಆ ಹರ್ಷನೂ ತಂದೆಯ ವಿರುದ್ಧ ಒಳಸಂಚು ಹೂಡಿ ಸೆರೆಮನೆ ಸೇರಿ, 1089ರಲ್ಲಿ ಸೋದರ ಉತ್ಕರ್ಷನು ಇಪ್ಪತ್ತೆರಡು ದಿನ ಆಳಿ ಅಳಿದ ಬಳಿಕ ಪಟ್ಟವೇರಿದವನು.