ತುಳಿತಕ್ಕೊಳಗಾದ ಮುಖ: ಎಂಡೊ ಅವರ ‘ಮೌನ’ದಲ್ಲಿ ಕ್ರಿಸ್ತದರ್ಶನ

ಏಷ್ಯಾದ ಮಣ್ಣಿನಲ್ಲೇ ಹುಟ್ಟಿದ ಯೇಸುಸ್ವಾಮಿಯು ಏಷ್ಯಾದವರ ಕಣ್ಣಿಗೆ ಪರದೇಶಿಯಾಗಿ ಕಂಡದ್ದೇಕೆ? ಈ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಹೊತ್ತು ನಡೆದವರು ಜಪಾನಿನ ಕಥೋಲಿಕ ಲೇಖಕ ಶುಸಾಕು ಎಂಡೊ (1923–1996). ಬಾಲ್ಯದಲ್ಲಿ ಜ್ಞಾನಸ್ನಾನ ಪಡೆದ ಅವರು ತಮ್ಮ ವಿಶ್ವಾಸವನ್ನು ಮೈಗೆ ಹೊಂದದ ಪಾಶ್ಚಾತ್ಯ ಉಡುಪಿಗೆ ಹೋಲಿಸಿದ್ದುಂಟು. ಆದರೂ ಅದನ್ನು ಕಳಚಿ ಎಸೆಯದೆ, ತಮ್ಮ ಅಳತೆಗೆ ತಕ್ಕಂತೆ ಹೊಲಿದುಕೊಳ್ಳಲು ಯತ್ನಿಸಿದರು. 1966ರಲ್ಲಿ ಪ್ರಕಟವಾದ ‘ಮೌನ’ ಕಾದಂಬರಿ ಆ ಯತ್ನದ ಫಲ.

ಸಂತ ಫ್ರಾನ್ಸಿಸ್ ಕ್ಸೇವಿಯರರು 1549ರಲ್ಲಿ ಜಪಾನಿನಲ್ಲಿ ಬಿತ್ತಿದ ವಿಶ್ವಾಸವು 1614ರಲ್ಲಿ ದೇಶದಾದ್ಯಂತ ನಿಷೇಧಕ್ಕೊಳಗಾಯಿತು. ಆ ಹಿಂಸೆಯ ದಿನಗಳಲ್ಲಿ, ಧರ್ಮತ್ಯಾಗ ಮಾಡಿದನೆಂಬ ವದಂತಿಯಿದ್ದ ತನ್ನ ಗುರು ಫೆರೈರಾನನ್ನು ಅರಸುತ್ತ, ಯೇಸುಸಭೆಯ ಯುವಗುರು ರೊಡ್ರಿಗಸ್ ಗೋವಾ, ಮಕಾವುಗಳ ಮಾರ್ಗವಾಗಿ ಗುಟ್ಟಾಗಿ ಬಂದು ಸೆರೆಯಾಗುತ್ತಾನೆ. ತಾನು ಸಾಯಲು ಆತ ಸಿದ್ಧ. ಆದರೆ ಗುಂಡಿಗಳ ಮೇಲೆ ತಲೆಕೆಳಗಾಗಿ ನೇತುಹಾಕಿದ ಬಡ ರೈತರ ನರಳಾಟ ನಿಲ್ಲಬೇಕಾದರೆ, ಕ್ರಿಸ್ತನ ಮುಖವುಳ್ಳ ಲೋಹಫಲಕವನ್ನು ಅವನು ತುಳಿಯಬೇಕು. ಅದುವರೆಗೆ ಮೌನವಾಗಿದ್ದ ಆ ಮುಖವೇ ತುಳಿಯಲು ಅನುಮತಿಸುತ್ತದೆ. ರೊಡ್ರಿಗಸ್ ತುಳಿಯುತ್ತಾನೆ.

ಇದು ದ್ರೋಹವೇ, ದಯೆಯೇ? ಜನರ ಮುಂದೆ ತನ್ನನ್ನು ನಿರಾಕರಿಸುವವನ ಕುರಿತು ಪ್ರಭು ನುಡಿದ ಎಚ್ಚರಿಕೆ (ಮತ್ತಾಯ 10:33) ನಮಗೆ ತಿಳಿದೇ ಇದೆ. ಎಂಡೊ ಅವರಾದರೋ ತೀರ್ಪು ನೀಡುವ ತಂದೆಗಿಂತ, ಮಗುವಿನೊಡನೆ ತಾನೂ ನೋಯುವ ತಾಯಿಯನ್ನು ಕ್ರಿಸ್ತನಲ್ಲಿ ಕಂಡರು. ಇದು ಪೂರ್ವದೇಶದವರ ಹೊಸ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಹಾಲೂಡಿದ ಕೂಸನ್ನು ಮರೆಯದ ತಾಯಿ (ಯೆಶಾಯ 49:15), ಮರಿಗಳನ್ನು ರೆಕ್ಕೆಯಡಿ ಸೇರಿಸುವ ಕೋಳಿ (ಮತ್ತಾಯ 23:37) ಬೈಬಲಿನವೇ ಚಿತ್ರಗಳಲ್ಲವೆ?

ಜಪಾನ್ ಒಂದು ಜೌಗುನೆಲ, ಅಲ್ಲಿ ಈ ಸಸಿಯ ಬೇರು ಕೊಳೆಯುತ್ತದೆ ಎಂಬುದು ಫೆರೈರಾನ ವಾದ. ಕಡಲ ಭರತದಲ್ಲಿ ಕಂಬಕ್ಕೆ ಬಿಗಿಸಿಕೊಂಡು ಪ್ರಾಣಬಿಟ್ಟ ಕಾದಂಬರಿಯ ರೈತರೇ ಅದಕ್ಕೆ ಉತ್ತರ. ಇತಿಹಾಸವೂ ಅದನ್ನು ಸುಳ್ಳಾಗಿಸಿತು. 1865ರ ಮಾರ್ಚ್ 17ರಂದು ನಾಗಸಾಕಿಯ ಔರಾ ದೇವಾಲಯಕ್ಕೆ ಬಂದ ಉರಕಾಮಿಯ ಗ್ರಾಮಸ್ಥರು, ತಾವೂ ಅದೇ ವಿಶ್ವಾಸದವರೆಂದು ಫಾದರ್ ಪೆಟಿಜಾನರಿಗೆ ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಎರಡು ಶತಮಾನಗಳಿಗೂ ಮೀರಿ ಗುರುಗಳಿಲ್ಲದೆ ಉಳಿದ ವಿಶ್ವಾಸವದು! ಗುಪ್ತ ಕ್ರೈಸ್ತರು ಬೌದ್ಧರ ಕರುಣಾಮೂರ್ತಿ ಕನ್ನೊನಳ ರೂಪದಲ್ಲಿ ದೇವಮಾತೆಯನ್ನು ಪೂಜಿಸಿದ್ದರು. ಫಲಕವನ್ನು ತುಳಿದು ಮನೆಗೆ ಮರಳಿ, ಪಶ್ಚಾತ್ತಾಪದ ಜಪ ಹೇಳಿದ್ದರು. ತುಳಿದವರ ಮನೆಗಳಲ್ಲಿಯೇ ದೀಪ ಆರದೆ ಉಳಿದಿತ್ತು.

ಕೃತಿಯ ಕೊರತೆಯನ್ನೂ ಹೇಳಬೇಕು. ಎಂಡೊ ಅವರ ಕ್ರಿಸ್ತ ಬಿದ್ದವನ ಬಳಿ ಕುಳಿತು ಅಳುತ್ತಾನೆ. ಅವನನ್ನು ಎಬ್ಬಿಸಿ ನಿಲ್ಲಿಸುವ ಪುನರುತ್ಥಾನದ ಪ್ರಭು ಇಲ್ಲಿ ಮಸುಕಾಗಿದ್ದಾನೆ. ಮೂರು ಸಲ ನಿರಾಕರಿಸಿದ ಪೇತ್ರ ಕ್ಷಮೆ ಪಡೆದದ್ದಷ್ಟೇ ಅಲ್ಲ, ಮುಂದೆ ಪ್ರಭುವಿಗಾಗಿ ಪ್ರಾಣವನ್ನೂ ಕೊಟ್ಟನು. 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ 26 ಮಂದಿಯಲ್ಲಿ ನಮ್ಮ ವಸಾಯಿಯ ಸಂತ ಗೊನ್ಸಾಲೊ ಗಾರ್ಸಿಯಾ ಅವರೂ ಇದ್ದರು. ಕರುಣೆಯೊಡನೆ ಈ ಬಲವನ್ನೂ ನಾವು ಬೇಡಬೇಕು.

ಕಾದಂಬರಿಯಲ್ಲಿ ಕಿಚಿಜಿರೊ ಎಂಬ ಹೇಡಿಯೊಬ್ಬನಿದ್ದಾನೆ. ಪದೇ ಪದೇ ದ್ರೋಹ ಬಗೆಯುತ್ತಾನೆ, ಪದೇ ಪದೇ ಪಾಪನಿವೇದನೆಗೆ ಬರುತ್ತಾನೆ. ವಾಚಕರೇ, ಅಂಥವನು ಬರುವ ಭಾನುವಾರ ನಮ್ಮ ದೇವಾಲಯದ ಬಾಗಿಲಲ್ಲಿ ನಿಂತರೆ, ಪಕ್ಕಕ್ಕೆ ಸರಿದು ಅವನಿಗೆ ಜಾಗ ಕೊಡುವವರು ನಮ್ಮಲ್ಲಿ ಯಾರು?